ಡಬ್ಬಿಗೆ ತುಂಬಿದ ಕೇಕ್

ಇವತ್ತು ಕಾಲೇಜ್ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಚಾಕೊಲೇಟ್ ಕೇಕ್ ಬಿಚ್ಚಿದಳು. ವಾಸನೆ ಬಂದದ್ದೇ ನಾನು ಎದ್ದು ಕಿಟಕಿ ತೆರೆದೆ.

ಸಣ್ಣಾಕಿ ಇದ್ದಾಗ ಹುಮನಾಬಾದಿನ ಹಾಸ್ಟೆಲ್‌ನಿಂದ ರಜೆಗೆ ಬಸವಕಲ್ಯಾಣದ ಮನೆಗೆ ಬಂದಿದ್ದೆ. ಚಲೋ ಕೇಕ್ ಮಾಡಿಕೊಟ್ಟರೆ ನನ್ನನ್ನ ಮನೆಯಲ್ಲೇ ಇಟ್ಕೋತಾರೆ ಅಂತ ನನ್ನ ಪ್ಲ್ಯಾನ್. ಚಾಕೊಲೇಟ್ ಬಿಸ್ಕೀಟು ಪುಡಿಮಾಡಿ, ಹಾಲು, ಅಡುಗೆ ಸೋಡಾ ಕಲಸಿ, ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಅದರ ಮೇಲೆ ಪಾತ್ರೆ ಇಟ್ಟೆ.

"ನೀರಿಲ್ಲದ ಕುಕ್ಕರ್ ಸಿಡೀತದ, ಹುಚ್ಚಿ!" ಅಂತ ಅವ್ವ ಬಾಗಿಲ ಹಿಂದೆ ಅಡಗಿದಳು.

ಕೇಕ್ ಉಬ್ಬಿತು. ಅಜ್ಜಿ ಬೆರಳು ನೆಕ್ಕಿದಳು. ಅಪ್ಪ, "ಭಾಳ ಚಲೋ ಆಗ್ಯಾದ" ಅಂದರು.

"ಹಾಂಗಾರ ನಾ ಇಲ್ಲೇ ಇರ್ಲೇನಪ್ಪಾ?"

ಅಪ್ಪ ನಕ್ಕು ಅವ್ವಗೆ ಹೇಳಿದರು: "ಉಳಿದದ್ದು ಡಬ್ಬಿಗೆ ತುಂಬು. ನಾಳಿ ಹಾಸ್ಟೆಲಿಗೆ ಒಯ್ತಾಳ."

ಈಗ ಫೋನಿನಲ್ಲಿ ಅಪ್ಪ, "ಎಲ್ಲಾ ಓಕೆ ಏನವಾ?" ಅಂತ ಕೇಳಾಕತ್ತಾರ. "ಬಂದು ಕರ್ಕೊಂಡು ಹೋಗ್ರಿ" ಅನ್ನಬೇಕು ಅನಿಸಿತು. ಆ ಮಾತು ಹೊರಬೀಳುವ ಮೊದಲೇ ರೂಮ್‌ಮೇಟ್ ಕೊಟ್ಟ ಕೇಕನ್ನು ಬಾಯಿ ತುಂಬ ತುರುಕಿಕೊಂಡೆ.