ಕೆಂಪು ದಾರ ಕಟ್ಟಿದ ಪಿಕಳಾರದ ಗೂಡುಗಳು

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ದಾರಿಯ ಪಕ್ಕ, ನಮ್ಮ ಓಣಿ ದಾಟಿದರೆ ಒಂದು ಕುರುಚಲು ಗುಡ್ಡ. ಎಂಬತ್ತರ ದಶಕದ ಆರಂಭದಲ್ಲಿ, ಕಾಲೇಜಿಗೆ ಹೋಗುತ್ತಿದ್ದಾಗ, ನಾನು ಅಲ್ಲಿ ಪಿಕಳಾರ ಎಣಿಸುತ್ತಿದ್ದೆ. ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು ಇರುತ್ತದಲ್ಲ, ಅದೇ ಹಾಡುವ ಹಕ್ಕಿ. ಯಾರೂ ಹೇಳಿಕೊಟ್ಟಿರಲಿಲ್ಲ. ರದ್ದಿ ಅಂಗಡಿಯಲ್ಲಿ ಸಿಕ್ಕ ಹರಕು ಪುಸ್ತಕ ಓದಿ ಕಲಿತದ್ದು. ಮೊದಲ ಬೇಸಿಗೆ ಹತ್ತೊಂಬತ್ತು ಗೂಡು ಸಿಕ್ಕವು, ಮರುವರ್ಷ ಹನ್ನೊಂದು. ಹಕ್ಕಿ ನಿಜವಾಗಿ ಕಡಿಮೆಯಾಗುತ್ತಿವೆಯೋ, ನನಗೇ ಹುಡುಕಲು ಬರುವುದಿಲ್ಲವೋ? ಅದು ತಿಳಿಯದೆ ಊಟ ರುಚಿಸುತ್ತಿರಲಿಲ್ಲ, ಸುಳ್ಳಲ್ಲ.

ಮೂರನೆಯ ಬೇಸಿಗೆ ಒಂದೂ ತಪ್ಪಬಾರದೆಂದು ಅವ್ವನ ಮಗ್ಗದಲ್ಲಿ ಉಳಿದ ಕೆಂಪು ರೇಷ್ಮೆ ಎಳೆ ತಂದು, ಗೂಡಿದ್ದ ಪ್ರತಿ ಕವಳಿ ಹಣ್ಣಿನ ಮುಳ್ಳುಕಂಟಿಗೂ ಗುರುತಿಗೆ ಕಟ್ಟಿದೆ. ಒಟ್ಟು ಒಂಬತ್ತು. ನನ್ನ ಬುದ್ಧಿಗೆ ನಾನೇ ಬೀಗಿದೆ.

ಆಮೇಲೆ ಹತ್ತು ದಿನ ಜ್ವರ. ಎದ್ದು ಹೋಗಿ ನೋಡಿದರೆ ಕಂಟಿಗಳ ಮೇಲೆ ಹಳದಿ, ಹಸಿರು ದಾರಗಳೂ ಇದ್ದವು. ಬುಡದಲ್ಲಿ ಕುಂಕುಮ, ಒಡೆದ ಕಾಯಿ. ಕೂತು ಪೂಜೆ ಮಾಡಲೆಂದು ಟೊಂಗೆಗಳನ್ನು ಕಡಿದಿದ್ದರು, ಮರೆಯಿಲ್ಲದೆ ಗೂಡುಗಳು ಹೊರಗೆ ಕಾಣುತ್ತಿದ್ದವು. ನಮ್ಮ ಓಣಿಯ ಇಬ್ಬರು ಹೆಂಗಸರು ಇನ್ನೊಂದು ದಾರ ಕಟ್ಟುತ್ತಿದ್ದರು.

"ಕಾಕಿ, ಇದು ಹರಕಿ ಕಂಟಿ ಅಲ್ಲಬೇ. ಕೆಂಪು ದಾರ ನಾನ ಕಟ್ಟೇನಿ, ಹಕ್ಕಿ ಗೂಡಿನ ಗುರ್ತಿಗೆ," ಅಂದೆ.

"ನೀನ? ಲಗ್ನ ಆಗಲಿ ಅಂತ ಬೇಡ್ಕೊಂಡಿಯೇನೋ?" ಹಿರಿಯಳು ಬಿದ್ದು ಬಿದ್ದು ನಕ್ಕಳು.

"ಖರೇನ ಹೇಳ್ತೇನಿ. ಒಳಗ ಮರಿ ಅದಾವು."

ಕಿರಿಯಳು ನಗಲಿಲ್ಲ. "ಹಂಗನ್ನಬ್ಯಾಡೋ ತಮ್ಮಾ. ಇಲ್ಲಿ ಬೇಡ್ಕೊಂಡ ಮ್ಯಾಲ ಜಡ್ಡಿಗೆ ಬಿದ್ದ ನನ್ನ ಕೂಸು ಮೊನ್ನಿ ಹಾಲು ಕುಡದೈತಿ."

ದಾರ ಬಿಚ್ಚಲು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ.

ಅವರು ಹೋದ ಮೇಲೆ ಒಂಬತ್ತೂ ಕಂಟಿ ನೋಡಿದೆ. ಎರಡು ಗೂಡಿನಲ್ಲಿ ಸತ್ತ ಮರಿಗಳಿಗೆ ಇರುವೆ ಮುತ್ತಿದ್ದವು. ಏಳು ಖಾಲಿ. ಮರೆ ಹೋದ ಗೂಡು ಕಾಗೆ ಕಣ್ಣಿಗೆ ಬೀಳದೆ ಇರುತ್ತದೆಯೇ?

ಮರುವರ್ಷ ಸಿಕ್ಕದ್ದು ಮೂರೇ ಗೂಡು. ಹಕ್ಕಿಗಳು ತಾವಾಗಿ ಕಡಿಮೆಯಾದವೋ, ನಾನೇ ಕಡಿಮೆ ಮಾಡಿದೆನೋ, ನನ್ನ ನೋಟ್‌ಬುಕ್ಕು ಇನ್ನೆಂದೂ ಹೇಳಲಾರದು. ಯಾರಾದರೂ ಕೇಳಿದರೆ ಮೊದಲೆರಡು ವರ್ಷದ ಲೆಕ್ಕ ಮಾತ್ರ ಹೇಳುತ್ತೇನೆ.