ಅಕ್ಕನ ಒಪ್ಪಿಗೆ

ಅಕ್ಕ ನನ್ನ ಬರಹವನ್ನು ಒಮ್ಮೆಯೂ ಹೊಗಳಿದವಳಲ್ಲ. ನಾನು ಕನ್ನಡದಲ್ಲಿ ಬರೆದು ಮೊದಲು ಮೈಸೂರಿನಲ್ಲಿದ್ದ ಅವಳಿಗೆ ವಾಟ್ಸಾಪ್ ಮಾಡುವುದು, ಅವಳು ಫೋನ್ ಮಾಡಿ ಮುಖದ ನೀರಿಳಿಸುವುದು, ಆಮೇಲೆ ನಾನು ತಿದ್ದುವುದು. ಇದು ನಮ್ಮ ಪದ್ಧತಿ. “ಏನೇ ಇದು, ಸಾಲಿಗೊಂದ್ಸಲ ಅಳ್ತೀಯಲ್ಲ? ಓದೋರಿಗೂ ಸ್ವಲ್ಪ ಬಿಡೇ” ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದುಕೊಂಡೇ ಅವಳು ಹೇಳಿದಂತೆ ತಿದ್ದುತ್ತಿದ್ದೆ.

ಕೊರೋನಾದ ಎರಡನೇ ಅಲೆಯ ಹೊತ್ತಿಗೆ ನಾನು ಅಮೆರಿಕದ ಸೆಂಟರ್‌ವಿಲ್‌ನ ಟೌನ್‌ಹೌಸಿನಲ್ಲಿ ತುಂಬು ಬಸುರಿ. ಬಿಪಿ ಜಾಸ್ತಿ, ಮಲಗಿಯೇ ಇರಬೇಕೆಂದು ಡಾಕ್ಟರ್ ಹೇಳಿದ್ದರು. ಆಗ ಆಸ್ಟ್ರೇಲಿಯಾದ ಒಂದು ಸಾಹಿತ್ಯ ಪತ್ರಿಕೆ ಕತೆ, ಕವನ, ನೆನಪಿನ ಬರಹಗಳನ್ನು ಕಳಿಸಿ ಎಂದು ಕರೆದಿದ್ದು ಕಣ್ಣಿಗೆ ಬಿತ್ತು. ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಕೊಟ್ಟದ್ದನ್ನು ರೆಸಿಪಿಯ ಕೆಳಗೆ ಉಳಿದ ಜಾಗಕ್ಕೆ ಹಾಕುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲವಲ್ಲ, ಹೊರಗೇ ಕಳಿಸೋಣ ಎನ್ನಿಸಿತು. ಅಕ್ಕ ನನಗೆ ಲೂನಾ ಓಡಿಸಲು ಕಲಿಸಿದ್ದನ್ನು ಬರೆದೆ. ನಾನು ಹೋಗಿ ಹಾಲಿನ ಬೂತಿಗೆ ಗುದ್ದಿದ್ದು, ಗುದ್ದಿದವಳು ತಾನೇ ಎಂದು ಹೇಳಿ ಅವಳು ಅಪ್ಪನ ಕೈಲಿ ಏಟು ತಿಂದಿದ್ದು, ಎಲ್ಲ.

ಎಂದಿನಂತೆ ಅವಳಿಗೆ ಕಳಿಸಿದೆ. ಅವಳಿಗೆ ಜ್ವರ, ಗಂಟಲು ಕಟ್ಟಿದೆ, ಮಾತಾಡಬಾರದಂತೆ ಎಂದು ಭಾವ ಹೇಳಿದ್ದರು. ಮರುದಿನ ಅವಳ ನಂಬರಿನಿಂದ ಮೆಸೇಜು ಬಂತು: “ತುಂಬಾ ಚೆನ್ನಾಗಿದೆ. ಹೀಗೇ ಕಳಿಸು.”

ಅಷ್ಟು ವರ್ಷ ಕಾದ ಮಾತು. ನಾನು ಕುಣಿಯಲಿಲ್ಲ, ಆ ಹೊಟ್ಟೆ ಹೊತ್ತು ಕುಣಿಯುವುದೆಲ್ಲಿ ಬಂತು. ಗಂಡನಿಗೆ ತೋರಿಸಿದೆ. ಅವರು “ಗುಡ್, ವೆರಿ ಗುಡ್” ಎಂದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟರು. ಒಂದಕ್ಷರ ತಿದ್ದದೆ ಇಂಗ್ಲಿಷಿಗೆ ಇಳಿಸಿ ಕಳಿಸಿದೆ. ಪತ್ರಿಕೆಯವರು ಒಪ್ಪಿದರು. ಅದನ್ನು ತಿಳಿಸಿದಾಗಲೂ ಅಕ್ಕನ ನಂಬರಿನಿಂದ “ಖುಷಿಯಾಯ್ತು” ಎಂದು ಬಂತು.

ಮಗಳು ಹುಟ್ಟಿದಳು. ಕೂಟದ ಆಂಟಿಯರು ಸರದಿಯ ಮೇಲೆ ಮೆಣಸಿನ ಸಾರು ತಂದಿಟ್ಟು, ನನ್ನ ಮುಖ ನೋಡದೆ ಮಗುವನ್ನೇ ನೋಡಿ ಹೋಗುತ್ತಿದ್ದರು. ಅಕ್ಕನಿಗೆ ಇನ್ನೂ ಕೆಮ್ಮು, ಇನ್ನೂ ಸುಸ್ತು. ನಂಬಿದೆ. ನಂಬಬೇಕೆಂದು ನನಗೇ ಆಸೆಯಿತ್ತು.

ಪತ್ರಿಕೆಯ ಪ್ರತಿ ಅಂಚೆಯಲ್ಲಿ ಬಂದ ದಿನ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಭಾವನಿಗೆ ವಿಡಿಯೋ ಕಾಲ್ ಮಾಡಿದೆ. ಆ ಪುಟ ತೆರೆದು ಕ್ಯಾಮೆರಾಕ್ಕೆ ಹಿಡಿದೆ.

“ಮಾತಾಡದಿದ್ರೆ ಬೇಡ ಭಾವ. ಫೋನ್ ಅವಳ ಮುಂದೆ ಹಿಡೀರಿ. ನೋಡ್ಲಿ ಸಾಕು.”

ಭಾವ ಫೋನನ್ನು ತಿರುಗಿಸಲಿಲ್ಲ. ಪಕ್ಕದಲ್ಲಿದ್ದ ಗಂಡ ಮೆಲ್ಲಗೆ ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡರು. ಆಗ ಗೊತ್ತಾಯಿತು.

ಬಸುರಿಗೆ ಸಾವಿನ ಸುದ್ದಿ ಹೇಳಬಾರದು. ಬಾಣಂತಿಗೂ ಹೇಳಬಾರದು. ಅಮ್ಮ ಹೇಳಿದರಂತೆ, ಎಲ್ಲರೂ ಹೂಂ ಎಂದರಂತೆ. ಸಾರು ತಂದ ಆಂಟಿಯರಿಗೂ ಗೊತ್ತಿತ್ತು. ನನ್ನ ಒಡಹುಟ್ಟಿದವಳು ಸತ್ತದ್ದು ಸೆಂಟರ್‌ವಿಲ್‌ಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ನನ್ನ ಒಳ್ಳೆಯದಕ್ಕೇ ಮಾಡಿದರು. ಆ ಒಳ್ಳೆಯತನಕ್ಕೆ ಬೆಂಕಿ ಹಾಕ ಎಂದು ಇವತ್ತಿಗೂ ಅನ್ನಿಸುತ್ತದೆ.

ಅಳು ಆಮೇಲೆ ಬಂತು. ಮೊದಲು ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. “ನಾನು ಬರ್ದಿದ್ದನ್ನ ಓದಿದ್ಲಾ ಭಾವ? ಅಷ್ಟಾದ್ರೂ?”

“ಇಲ್ಲ ಪುಟ್ಟಿ. ಅವಳನ್ನ ಕಳಿಸ್ಕೊಟ್ಟು ಆಗ್ತಾನೆ ಮನೆಗೆ ಬಂದಿದ್ದೆ, ನಿನ್ ಮೆಸೇಜ್ ಬಂದಿತ್ತು. ಏನಾದ್ರೂ ಹೇಳ್ಬೇಕಲ್ಲ. ಚೆನ್ನಾಗಿದೆ ಅಂತ ಹಾಕ್ದೆ.” ಅವರು ಕನ್ನಡಕ ತೆಗೆದರು. “ನಾನೂ ಓದಿಲ್ಲ ಕಣಮ್ಮ. ಓದಕ್ಕಾಗ್ಲಿಲ್ಲ.”

ಪತ್ರಿಕೆಯವರು ಇನ್ನೊಂದು ಕಳಿಸಿ ಎಂದು ಕೇಳಿದರು. ನಾನು ಉತ್ತರ ಬರೆಯಲಿಲ್ಲ. ಲೂನಾದ ಬರಹ ಅಚ್ಚಾಗಿ ಕೂತಿದೆ, ಅದರಲ್ಲಿ ಅಕ್ಕ ಏಟು ತಿಂದೂ ನಗುತ್ತಾಳೆ. ನಿಜವಾಗಿ ನಕ್ಕಿದ್ದಳೋ ಇಲ್ಲವೋ, ಹೇಳುವವರು ಇನ್ನು ಯಾರೂ ಇಲ್ಲ.