ನೀರಿಲ್ಲದ ನಲ್ಲಿಯ ಪರೀಕ್ಷೆ

ನಮ್ಮ ಅತ್ತಿಗೆ ಪಾಸು ಮಾಡಿದ ನರ್ಸು ಕೈಯಿಟ್ಟರೆ ಹೆಣವೂ ಎದ್ದು ಕೂತು ಕಾಫಿ ಕೇಳುತ್ತದೆ ಎಂದು ಮನೆಮಂದಿಯೆಲ್ಲ ಕೊಚ್ಚಿಕೊಳ್ಳುತ್ತಿದ್ದೆವು. ಅದರಲ್ಲಿ ನಮ್ಮಣ್ಣನೇ ಎಲ್ಲರಿಗಿಂತ ಮುಂದು. ಹೆಂಡತಿಯ ಎದುರು ತುಟಿ ಬಿಚ್ಚದ ಆಸಾಮಿ, ಬೀದಿಗೆ ಬಂದರೆ ಅವಳ ಗುಣಗಾನಕ್ಕೆ ಮೈಕೂ ಬೇಕಿರಲಿಲ್ಲ.

ಅತ್ತಿಗೆ ನರ್ಸಿಂಗ್ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆಸುವ ಮೇಡಂ. ಉದ್ದನೆಯ ಹಾಲಿನಲ್ಲಿ ಸಾಲಾಗಿ ಮಂಚ, ಮಂಚಕ್ಕೊಬ್ಬ ಪ್ಲಾಸ್ಟಿಕ್ ರೋಗಿ. ಗಂಟೆ ಬಾರಿಸಿದಾಗೆಲ್ಲ ಹುಡುಗಿಯರು ಒಂದು ಮಂಚದಿಂದ ಇನ್ನೊಂದಕ್ಕೆ ಓಡಬೇಕು: ಇಲ್ಲಿ ಇಂಜೆಕ್ಷನ್ನು, ಅಲ್ಲಿ ಬಿಪಿ, ಕೊನೆಯಲ್ಲಿ ಗಾಯದ ಡ್ರೆಸ್ಸಿಂಗು. ಆ ಕೊನೆಯ ಮಂಚ ಅತ್ತಿಗೆಯದು. ಅಲ್ಲಿನ ರೋಗಿಗೆ ಎಷ್ಟು ಕಾಲದಿಂದ ಡ್ರೆಸ್ಸಿಂಗು ಆಗುತ್ತಿತ್ತೆಂದರೆ, ಗಾಯ ಇನ್ನೂ ವಾಸಿಯಾಗದ್ದಕ್ಕೆ ಅವನೇ ನಾಚಿ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಿದ್ದ.

ಮೂಲೆಯ ಸಿಂಕಿನ ನಲ್ಲಿಯಲ್ಲಿ ನೀರು ನಿಂತು ಒಂದು ತಲೆಮಾರಾಗಿತ್ತು. ಅದರೊಳಗೆ ಸಂಸಾರ ಹೂಡಿದ ಜೇಡ ಮೊಮ್ಮಕ್ಕಳ ಮದುವೆಯನ್ನೂ ಮುಗಿಸಿತ್ತು. ಡ್ರೆಸ್ಸಿಂಗಿಗೆ ಮುಂಚೆ ಕೈ ತೊಳೆಯುವುದಕ್ಕೆ ಮಾರ್ಕಿದೆ, ನೀರಿಲ್ಲ. ಹಾಗಾಗಿ ಹುಡುಗಿಯರು ಒಣಗೈ ಉಜ್ಜಿ, “ಕೈ ತೊಳ್ದೆ ಮೇಡಂ” ಎಂದು ಗಟ್ಟಿಯಾಗಿ ಹೇಳುವುದು, ಅತ್ತಿಗೆ ತಲೆಯಾಡಿಸಿ ಮಾರ್ಕು ಹಾಕುವುದು ರೂಢಿಯಾಯಿತು. ಹೇಳಲು ಮರೆತವಳಿಗೆ ಮಾತ್ರ ಸೊನ್ನೆ. ಆ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು.

ಅಣ್ಣನಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳ ಹುಣ್ಣಿಗೆ ಆಪರೇಷನ್ನಾಗಿ ಕಾಲೇಜಿನ ಆಸ್ಪತ್ರೆಯಲ್ಲೇ ಮಲಗಿದ. ಡ್ರೆಸ್ಸಿಂಗಿಗೆ ಬಂದವಳು ಅತ್ತಿಗೆಯಿಂದ ಪೂರ್ತಿ ಮಾರ್ಕು ಗಿಟ್ಟಿಸಿದ್ದ ಹುಡುಗಿ. ಆ ವಾರ್ಡಿನ ನಲ್ಲಿಯಲ್ಲಿ ಆನೆಗೆ ಸ್ನಾನ ಮಾಡಿಸುವಷ್ಟು ನೀರು. ಹುಡುಗಿ ಅತ್ತ ತಿರುಗಿಯೂ ನೋಡಲಿಲ್ಲ. ಪಕ್ಕದ ರೋಗಿಯ ಕೊಳೆ ಹಾಸಿಗೆ ಬದಲಿಸಿ ಬಂದ ಕೈಗಳನ್ನೇ ಉಜ್ಜಿ, “ಕೈ ತೊಳ್ದೆ ಮೇಡಂ” ಎಂದು ಬ್ಯಾಂಡೇಜು ಬಿಚ್ಚಿದಳು. ಅಲ್ಲೇ ನಿಂತಿದ್ದ ಅತ್ತಿಗೆ ತಲೆಯಾಡಿಸಿದರು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ತಾವು ಯಾವುದಕ್ಕೆ ತಲೆಯಾಡಿಸಿದ್ದೆಂದು ಅವರಿಗೆ ಹೊಳೆದದ್ದು ಹುಣ್ಣು ನಾತ ಹೊಡೆದ ಮೇಲೆ. ಅಷ್ಟರಲ್ಲಿ ಕೀವು ಮೇಲಕ್ಕೇರಿತ್ತು. ಅರ್ಧ ಪಾದ ಕತ್ತರಿಸಿದರು.

“ಆ ಹುಡುಗಿಗೆ ಎಷ್ಟೇ ಮಾರ್ಕು ಕೊಟ್ಟಿದ್ದೆ?” ಎಚ್ಚರವಾದ ಅಣ್ಣ ಕೇಳಿದ.

“ಪೂರ್ತಿ.”

“ಸದ್ಯ, ಕಾಲಾದ್ರೂ ಅರ್ಧ ಉಳೀತು ಬಿಡು.”



ಮುಂದಿನ ಪರೀಕ್ಷೆಗೆ ಅವರು ಮನೆಯಿಂದ ಸೋಪು, ಮಗ್ಗು, ತುಂಬಿದ ಬಕೆಟ್ಟು ಹೊತ್ತುಕೊಂಡು ಹೋದರು. “ಬಾಯಲ್ಲಿ ಹೇಳ್ಬೇಡಿ, ತೊಳೀರಿ.” ಹುಡುಗಿಯರು ಬಕೆಟ್ಟನ್ನು ಹುಲಿಯನ್ನು ಕಂಡಂತೆ ಕಂಡರು. ಒಬ್ಬಳು ಉಂಗುರವನ್ನೂ ತೆಗೆಯದೆ ಬೆರಳ ತುದಿ ಅದ್ದಿದಳು, ಇನ್ನೊಬ್ಬಳು ತೊಳೆದ ಕೈಯನ್ನು ಯೂನಿಫಾರ್ಮಿಗೇ ಒರೆಸಿದಳು, ಉಳಿದವರು ಅಭ್ಯಾಸಬಲದಿಂದ ಬಕೆಟ್ಟಿನ ಪಕ್ಕವೇ ಒಣಗೈ ಉಜ್ಜಿದರು. ಅತ್ತಿಗೆ ಎಲ್ಲರಿಗೂ ಫೇಲು ಬರೆದರು.

“ನೀವೇ ಅಲ್ವಾ ಮೇಡಂ ಹೀಗೆ ಹೇಳ್ಕೊಟ್ಟಿದ್ದು?” ಒಬ್ಬಳು ಅತ್ತಳು.

“ಹೌದಮ್ಮಾ. ನಂಗೂ ಸೊನ್ನೇನೇ.”

ಸಂಜೆಯ ಹೊತ್ತಿಗೆ ಪ್ರಿನ್ಸಿಪಾಲರು ಕರೆಸಿದರು.

“ಏನ್ ಮೇಡಂ ಇದು? ನಿಮ್ಮನೇಲಿ ನೋವಾಗಿದೆ, ಒಪ್ತೀನಿ. ಅದಕ್ಕೆ ಇಡೀ ಕ್ಲಾಸಿನ ಭವಿಷ್ಯ ಹಾಳು ಮಾಡೋದಾ? ಮಾರ್ಕು ತಿದ್ದಿ. ಇಲ್ಲಾಂದ್ರೆ ನಾನೇ ತಿದ್ತೀನಿ, ನೀವು ಆರಾಮಾಗಿ ಮನೇಲಿರಿ.”

“ನಲ್ಲಿ ರಿಪೇರಿ ಮಾಡ್ಸಿ ಸಾರ್. ಕಲಿಸ್ತೀನಿ, ಮತ್ತೆ ಪರೀಕ್ಷೆ ಮಾಡೋಣ.”

“ನಲ್ಲಿ ವಿಷಯ ಆಮೇಲೆ ನೋಡೋಣ. ಎಲ್ಲಾ ಒಳ್ಳೆ ಹುಡುಗೀರು, ನಾನು ಗ್ಯಾರಂಟಿ.”

ಅತ್ತಿಗೆ ಪೆನ್ನನ್ನು ಅವರ ಮುಂದಿಟ್ಟು ಎದ್ದರು.

“ಹಾಗಾದ್ರೆ ನೀವೇ ತಿದ್ದಿ. ಅಂದ ಹಾಗೆ, ನಿಮ್ಮ ಹರ್ನಿಯಾ ಆಪರೇಷನ್ನು ಬೇರೆ ಊರಲ್ಲಂತೆ? ಅಷ್ಟು ದೂರ ಯಾಕ್ ಸಾರ್, ಇಲ್ಲೇ ಮಾಡಿಸ್ಕೊಳ್ಳಿ. ಈಗ ನೀವು ಪಾಸು ಮಾಡೋರೇ ಡ್ರೆಸ್ಸಿಂಗ್ ಮಾಡ್ತಾರೆ.”